ಬೆರಳುದ್ದದ ಮನೆಮಂದಿ

ಕತೆ ಹೇಳುವವರ ಮುತ್ತಜ್ಜಂದಿರು ಇನ್ನೂ ಕತೆ ಕೇಳುವ ವಯಸ್ಸಿನಲ್ಲಿದ್ದ ಕಾಲದಲ್ಲಿ ಪವಳದುರ್ಗವೆಂಬ ರಾಜ್ಯವಿತ್ತು. ಬೊಪ್ಪರಸ ಅದರ ದೊರೆ. ಅವನಿಗೆ ಚಾವಲೆ ಎಂಬ ಒಬ್ಬಳೇ ಮಗಳು. ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡ ಆ ಮಗುವನ್ನು ಎತ್ತಿ, ಆಡಿಸಿ, ಬೈದು ಬೆಳೆಸಿದವಳು ದಾದಿ ಚೌಡವ್ವ.

ರಾಜಕುವರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಚಾವಲೆಗೆ ಪುಟ್ಟ ವಸ್ತುಗಳ ಹುಚ್ಚು. ಗುಲಗಂಜಿಯೊಳಗೆ ಕೂರುವ ದಂತದ ಆನೆ, ಉಗುರಗಲದ ಬೀಸುವ ಕಲ್ಲು, ಸಾಸಿವೆ ಕಾಳಿನಷ್ಟು ಗೆಜ್ಜೆ ಕಟ್ಟಿಕೊಂಡ ಕುದುರೆ, ಇಂಥವು ಅವಳಿಗೆ ಬೇಕು. ಊರಿನವರು ಹಬ್ಬಕ್ಕೆ ಗೊಂಬೆ ಕೂರಿಸಿ, ಹಬ್ಬ ಕಳೆದ ಮೇಲೆ ಹಳೆ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುತ್ತಿದ್ದರು. ಚಾವಲೆಯ ಕೋಣೆಯಲ್ಲಿ ವರ್ಷವಿಡೀ ಗೊಂಬೆಹಬ್ಬ.

ಗೊಂಬೆ ಕೈಗೆ ಬಂದರೆ ಅವಳು ಮೊದಲು ಮುಖ ನೋಡುತ್ತಿರಲಿಲ್ಲ. ತಲೆಕೆಳಗು ಮಾಡಿ ಅಡಿಯನ್ನು ನೋಡುತ್ತಿದ್ದಳು. ಮುಖವನ್ನು ಎಲ್ಲರೂ ಆಸ್ಥೆಯಿಂದ ಕೆತ್ತುತ್ತಾರೆ. ಯಾರೂ ನೋಡದ ಅಂಗಾಲನ್ನು ಹೇಗೆ ಬಿಟ್ಟಿದ್ದಾರೆ ಎನ್ನುವುದರಲ್ಲಿ ಮಾಡಿದವನ ಗುಣ ಗೊತ್ತಾಗುತ್ತದೆ ಎಂದು ಅವಳ ಲೆಕ್ಕ.

"ಮದುವೆಯಾದ ದಿನ ಗಂಡನನ್ನೂ ಹೀಗೇ ತಲೆಕೆಳಗು ಮಾಡಿ ನೋಡುತ್ತೀಯೇನೇ ಅಮ್ಮಣ್ಣಿ?" ಎಂದು ಚೌಡವ್ವ ಕೇಳುತ್ತಿದ್ದಳು.

"ಮದುವೆಯಾದ ಮೇಲೆ ನೋಡಿದರೆ ಏನು ಬಂತು ಚೌಡವ್ವ? ಮೊದಲೇ ನೋಡಬೇಕು."

ಹೀಗಿರುವಾಗ ಕಡಲಾಚೆಯಿಂದ ಒಬ್ಬ ವರ್ತಕ ಬಂದ. ಅವನ ಕಣ್ಣು ಮೆಣಸಿನ ಕಾಳಿನಷ್ಟು ಸಣ್ಣದು. ಅವನು ಯಾರನ್ನು ನೋಡಿದರೂ ಅವರಿಗೆ ತಾವು ಉಟ್ಟ ಬಟ್ಟೆ ಒಂದಿಷ್ಟು ದೊಗಲೆಯಾದಂತೆ ಅನಿಸುತ್ತಿತ್ತು. ಹೆಬ್ಬಾಗಿಲ ಕಾವಲುಗಾರರು ಅವನನ್ನು ಒಳಗೆ ಬಿಟ್ಟು, ತಮ್ಮ ಮುಂಡಾಸನ್ನು ಮತ್ತೆ ಬಿಗಿದುಕೊಂಡರು. ಹೆಸರು ಕೇಳಿದರೆ ಅವನು ಹೇಳಲಿಲ್ಲ. ಜನ ಅವನನ್ನು ಕಿರುಗಣ್ಣನೆಂದು ಕರೆದರು.

ಕಿರುಗಣ್ಣ ಗಾಡಿಯ ಮೇಲೆ ಒಂದು ಮನೆಯನ್ನು ತಂದಿದ್ದ. ನಿಂತ ಆಳಿನ ಎತ್ತರದ ಮರದ ಮನೆ. ಆ ಚಳಿ ಸೀಮೆಯ ದೊರೆಗಳು ವಾಸಿಸುವ ಮನೆಯ ಪಡಿಯಚ್ಚಂತೆ. ಮೀನಿನ ಹುರುಪೆಯಂತೆ ಹೆಂಚು ಹೊದೆಸಿದ ಕಡಿದಾದ ಮಾಡು, ಹೊಟ್ಟೆ ಮುಂದೆ ಚಾಚಿದ ಗಾಜಿನ ಕಿಟಕಿಗಳು, ಸೂರಿನಂಚಿಗೆ ಕಸೂತಿಯಂಥ ಮರಗೆಲಸ. ಮುಂದಿನ ಗೋಡೆಗೆ ತಿರುಗಣಿಯಿತ್ತು. ಬೀರುವಿನ ಬಾಗಿಲಿನಂತೆ ಅದನ್ನು ತೆರೆದರೆ ಮೂರು ಅಂತಸ್ತೂ ಕಾಣುತ್ತಿದ್ದವು. ಗೋಡೆಗೆ ಹೂಬಳ್ಳಿಯ ಕಾಗದ ಅಂಟಿಸಿದ್ದರು. ನಾಲ್ಕು ಕಂಬದ ಮಂಚಕ್ಕೆ ಪರದೆ ಕಟ್ಟಿದ್ದರು. ಮೆಟ್ಟಿಲುಗಳು, ಹತ್ತುವಾಗ ಹಿಡಿಯಲು ಮೆಟ್ಟಿಲಿಗೆ ಕೈಪಿಡಿ, ಮೇಜಿನ ಮೇಲೆ ಪಿಂಗಾಣಿ ಬಟ್ಟಲು. ಬಟ್ಟಲಿನ ಮೇಲೆ ಸೂಜಿಮೊನೆಯಿಂದ ಬರೆದಂಥ ಗುಲಾಬಿ. ಆದರೆ ಮೇಜಿನ ಅಲಂಕಾರಕ್ಕೆಂದು ಕೂರಿಸಿದ್ದ ಪಿಂಗಾಣಿ ದೊರೆಸಾನಿಯೊಬ್ಬಳನ್ನು ಬಿಟ್ಟರೆ ಮನುಷ್ಯರ ಗೊಂಬೆ ಒಂದೂ ಇರಲಿಲ್ಲ.

"ಇದಕ್ಕೆ ಬೆಲೆ?" ಎಂದು ದೊರೆ ಕೇಳಿದ.

"ಬೆಲೆ ಬೇಡ. ಇದು ಕಾಣಿಕೆ. ಅಮ್ಮಣ್ಣಿಯವರಿಗೆ ಮನೆಮಂದಿ ಬೇಕೆನಿಸಿದಾಗ ಮನೆಯ ಮುಂದೆ ನಿಂತು ಬಾಯಿಬಿಟ್ಟು ಹೇಳಬೇಕು. ತಂದುಕೊಡುವ ಹೊಣೆ ನನ್ನದು," ಎಂದ ಕಿರುಗಣ್ಣ.

"ಬೆಲೆ ಹೇಳದವನ ಸರಕು ಹೊಸ್ತಿಲು ದಾಟಬಾರದು," ಎಂದು ಚೌಡವ್ವ ಗೊಣಗಿದಳು. ಆದರೆ ಚಾವಲೆ ಆಗಲೇ ನೆಲದ ಮೇಲೆ ಕೂತು ಮನೆಯ ಅಡಿಯನ್ನು ಬಗ್ಗಿ ನೋಡುತ್ತಿದ್ದಳು.

ಮೊದಲ ವಾರ ಅವಳು ಬರೀ ನೋಡಿದಳು. ಆಮೇಲೆ ಒಂದು ದಿನ, "ಅಡುಗೆಮನೆ ಇದೆ, ಅಡುಗೆಯವನಿಲ್ಲ. ಒಬ್ಬ ಇದ್ದಿದ್ದರೆ," ಎಂದಳು.

ಮರುದಿನ ಕಿರುಗಣ್ಣ ಒಂದು ಪುಟ್ಟ ಪೆಟ್ಟಿಗೆ ತಂದ. ಒಳಗೆ ಬೆರಳುದ್ದದ ಬಾಣಸಿಗ. ಒಂದು ಕೈಯಲ್ಲಿ ಸೌಟು, ಇನ್ನೊಂದು ಕಂಕುಳಲ್ಲಿ ಹಿತ್ತಾಳೆ ತಪ್ಪಲೆ, ಹಣೆಯ ಮೇಲೆ ಬೆವರಿನ ಹನಿ. ಚಾವಲೆ ತಲೆಕೆಳಗು ಮಾಡಿ ನೋಡಿದಳು. ಅಂಗಾಲಿನ ಗೆರೆಗಳೂ ಇದ್ದವು. ಇಂಥ ಕೆಲಸವನ್ನು ಅವಳು ಕಂಡಿರಲಿಲ್ಲ. ಸಂತೋಷದಿಂದ ಅವಳಿಗೆ ಆ ದಿನ ಹಸಿವೇ ಆಗಲಿಲ್ಲ. ಆಗದಿದ್ದದ್ದೂ ಒಳ್ಳೆಯದೇ ಆಯಿತು, ಏಕೆಂದರೆ ಅರಮನೆಯ ಬಾಣಸಿಗ ಕೆಂಚಪ್ಪ ಅಂದು ಕೆಲಸಕ್ಕೆ ಬಂದಿರಲಿಲ್ಲ. ದೊರೆ ಸಾರಿಗೆ ಉಪ್ಪಿಲ್ಲವೆಂದು ಎರಡು ಸಲ ಎದ್ದುಹೋದ. ಕೆಂಚಪ್ಪ ಹೆಂಡತಿಯ ಊರಿಗೆ ಹೋಗಿರಬೇಕು ಎಂದರು.

ಇನ್ನೊಂದು ದಿನ ಚಾವಲೆ, "ಕಿಟಕಿಯ ಬಳಿ ಏನಾದರೂ ನುಡಿಸುವವರೊಬ್ಬರು ಇದ್ದರೆ," ಎಂದಳು. ಮರುದಿನ ಕಿನ್ನರಿಯನ್ನು ಎದೆಗಾನಿಸಿಕೊಂಡ ಬೆರಳುದ್ದದ ಮುದುಕ ಬಂದ. ತಂತಿಗಳು ಜೇಡರಬಲೆಯ ನೂಲಿಗಿಂತ ಸಣ್ಣ. ಕೋಟೆಯ ಬಾಗಿಲಲ್ಲಿ ದಿನವೂ ಕಿನ್ನರಿ ನುಡಿಸುತ್ತಿದ್ದ ನಂಜಯ್ಯ ಅಂದಿನಿಂದ ಕಾಣಲಿಲ್ಲ. ತಿರುಗಾಡುವ ಜನ, ಬೇರೆ ಊರಿಗೆ ಹೋಗಿರಬೇಕು ಎಂದರು.

ಚಾವಲೆ ಈಗ ಆ ಮನೆಯ ಮುಂದಿನಿಂದ ಏಳುತ್ತಲೇ ಇರಲಿಲ್ಲ.

"ಊಟಕ್ಕೆ ಕರೆದು ಕರೆದು ನನ್ನ ಗಂಟಲು ಒಣಗಿತು," ಎಂದು ಚೌಡವ್ವ ಬಂದು ನಿಂತಳು. "ಅವರಿಗೆ ಹಸಿವಿಲ್ಲ, ಸರಿ. ನಿನಗೂ ಹೊಟ್ಟೆ ಮರದ್ದೇನು? ತಲೆ ಬಾಚಿ ಎಷ್ಟು ದಿನವಾಯಿತು? ಎಣ್ಣೆ ಹಚ್ಚಿಸಿಕೊಳ್ಳದ ಕೂದಲು ನೋಡು, ತೆಂಗಿನ ನಾರು."

ಚಾವಲೆ ನಕ್ಕಳು. ಮನೆಯ ಕಡೆ ಕೈ ತೋರಿಸಿ, "ಇಲ್ಲಿ ಎಲ್ಲ ಇದೆ ನೋಡು ಚೌಡವ್ವ. ಬೈಯುವವರೊಬ್ಬರಿಲ್ಲ, ಅಷ್ಟೇ," ಎಂದಳು.

ಮರುದಿನ ಅವಳನ್ನು ಯಾರೂ ಎಬ್ಬಿಸಲಿಲ್ಲ. ಬಿಸಿಲು ಮುಖಕ್ಕೆ ಬಡಿದ ಮೇಲೆ ತಾನೇ ಎದ್ದಳು. ಬಾಗಿಲಲ್ಲಿ ಕಿರುಗಣ್ಣ ನಿಂತಿದ್ದ. ಕೈಯಲ್ಲಿ ಪುಟ್ಟ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ತೋರುಬೆರಳು ಎತ್ತಿ ನಿಂತ ಮುದುಕಿ. ಬಲಗಿವಿಯ ಹಾಲೆ ಸೀಳಿತ್ತು. ತಾನು ಎಂಟು ತಿಂಗಳ ಮಗುವಾಗಿದ್ದಾಗ ಚೌಡವ್ವನ ಓಲೆ ಹಿಡಿದೆಳೆದ ಕತೆಯನ್ನು ಚಾವಲೆ ನೂರು ಸಲ ಕೇಳಿದ್ದಳು. ಆದರೂ ಅವಳು ಗೊಂಬೆಯನ್ನು ತಿರುಗಿಸಿ ಅಂಗಾಲು ನೋಡಿದಳು. ಕೆರೆಯಂಗಳದಂತೆ ಬಿರಿದ ಹಿಮ್ಮಡಿ. ಆ ಹಿಮ್ಮಡಿಗೆ ಅವಳೇ ಎಷ್ಟೋ ಸಲ ಮೇಣ ಹಚ್ಚಿದ್ದಳು.

"ಇದನ್ನು ಮಾಡಿದವರು ಯಾರು?" ಎಂದು ಕೇಳಿದಳು.

"ಅವಳ ತಾಯಿ ತಂದೆ," ಎಂದ ಕಿರುಗಣ್ಣ. "ನಾನು ಅಳತೆ ಬದಲಿಸಿದೆ, ಅಷ್ಟೇ. ನೀವು ಕೇಳಿದಿರಿ, ನಾನು ತಂದೆ."

ಅವನು ಹೇಳಿದ್ದು ಸುಳ್ಳಲ್ಲ. ಮೂರು ಸಲವೂ ಕೇಳಿದವಳು ಅವಳೇ.

"ಮತ್ತೆ ಮೊದಲಿನಂತೆ ಮಾಡು."

"ಅದು ನನ್ನಿಂದಾಗದು. ಒಳಗಿರುವವರನ್ನು ಒಳಗಿನಿಂದಲೇ ಕರೆತರಬೇಕು. ಬಾಗಿಲು ತೆರೆದಿದೆ. ಮೊದಲ ಮೆಟ್ಟಿಲಿಗೆ ಕಾಲಿಟ್ಟವರು ಮನೆಯ ಅಳತೆಗೆ ಬರುತ್ತಾರೆ. ಹೊಸ್ತಿಲು ದಾಟಿ ಹೊರಬಂದವರು ತಮ್ಮ ಅಳತೆಗೆ ಬರುತ್ತಾರೆ. ನಿಮಗೆ ಧೈರ್ಯವಿದ್ದರೆ ಹೋಗಿ."

ಅವನು ಯಾಕೆ ಇಷ್ಟು ಸುಲಭವಾಗಿ ಹೇಳಿದ ಎಂದು ಚಾವಲೆ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಚೌಡವ್ವನ ಗೊಂಬೆಯನ್ನು ಮೇಲಿನ ಅಂತಸ್ತಿನ ಕೋಣೆಯಲ್ಲಿ ಮೆಲ್ಲಗೆ ನಿಲ್ಲಿಸಿ, ಮುಂಬಾಗಿಲ ಮೆಟ್ಟಿಲಿಗೆ ಕಾಲು ಬೆರಳು ತಾಗಿಸಿದಳು. ಕೋಣೆ ಆಕಾಶದಷ್ಟಾಯಿತು. ಬಾಗಿಲು ಬಾಗಿಲಿನಷ್ಟಾಯಿತು. ಅಷ್ಟು ಅವಸರದಲ್ಲೂ, ಒಳಗಿನಿಂದ ಈ ಮನೆ ಹೇಗೆ ಕಾಣುತ್ತದೋ ಎಂದು ಅವಳಿಗೆ ಅನಿಸದೆ ಇರಲಿಲ್ಲ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಒಂದು ಹುಲಿ ಹಾಸಿಕೊಂಡಿತ್ತು. ಚರ್ಮ ಚಪ್ಪಟೆ, ತಲೆ ಮಾತ್ರ ಗುಂಡಗೆ, ಕಣ್ಣು ಗಾಜಿನದು.

"ನನ್ನ ಮೇಲೆ ಕಾಲಿಟ್ಟವರನ್ನು ನುಂಗುತ್ತೇನೆ," ಎಂದಿತು ಹುಲಿ.

ಚಾವಲೆ ಹೊಸ್ತಿಲಲ್ಲೇ ಕೂತು ಅದನ್ನು ನೋಡಿದಳು. ಹಲ್ಲು ನಿಜವಾಗಿಯೂ ಚೂಪಾಗಿದ್ದವು. "ನುಂಗಿದ್ದು ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದಳು.

"ಹೊಟ್ಟೆಗೆ."

"ಹೊಟ್ಟೆ ಎಲ್ಲಿದೆ?"

"ಇದನ್ನು ಯಾರೂ ಕೇಳಿರಲಿಲ್ಲ," ಎಂದಿತು ಹುಲಿ. "ನನಗೂ ಕಾಣುವುದಿಲ್ಲ. ನನಗೆ ಕಾಣುವುದು ಬಾಗಿಲ ಅಡಿಯ ಸಂದು ಮಾತ್ರ. ಕೆಳಗೆ ತಣ್ಣಗಿದೆ, ಮೇಲೆ ದೂಳು. ಸೀನು ಬರುತ್ತದೆ, ಎದೆಯಿಲ್ಲದೆ ಸೀನಲಾಗುವುದಿಲ್ಲ."

"ನಿನ್ನನ್ನು ಕೊಡವಿ ಎಷ್ಟು ಕಾಲವಾಯಿತು?"

"ಕೊಡವುವುದೆಂದರೇನು?"

ಚಾವಲೆ ಸೆರಗು ಸಿಕ್ಕಿಸಿ, ಹುಲಿಯ ಎರಡು ಮುಂಗಾಲು ಹಿಡಿದು ಎತ್ತಿದಳು. ಮಳೆಗಾಲ ಮುಗಿದ ಮೇಲೆ ದಾಸಿಯರು ಕಂಬಳಿ ಕೊಡವುವಂತೆ ಫಟ್ಟೆಂದು ಕೊಡವಿದಳು. ಮೂರನೆಯ ಸಲಕ್ಕೆ ಹುಲಿ ಗುರ್ರೆಂದಿತು. ಅದು ಸಿಟ್ಟಿನ ಗುರ್ ಅಲ್ಲ. ಮೆಟ್ಟಿಲ ಕೈಪಿಡಿಯ ಮೇಲೆ ಅದನ್ನು ನೇತುಹಾಕಿದಳು. ನೆಲ ತೆರವಾಯಿತು. ಯಾರೂ ಹುಲಿಯನ್ನು ತುಳಿಯಲಿಲ್ಲ, ಹುಲಿ ಯಾರನ್ನೂ ನುಂಗಲಿಲ್ಲ.

"ಇಲ್ಲಿಂದ ಕಿಟಕಿ ಕಾಣುತ್ತದೆ," ಎಂದಿತು ಹುಲಿ, ತನ್ನಷ್ಟಕ್ಕೆ.

ಪಕ್ಕದ ಅಡುಗೆಮನೆಯಲ್ಲಿ ಕೆಂಚಪ್ಪ ಸೌಟು ಹಿಡಿದು ನಿಂತಿದ್ದ. ಗಾತ್ರ ಒಂದೇ ಆದ್ದರಿಂದ ಈಗ ಅವನ ಮಾತು ಕೇಳಿಸಿತು.

"ಅಮ್ಮಣ್ಣಿಯವರೇ, ಬಂದ ದಿನದಿಂದ ಕೂಗುತ್ತಿದ್ದೇನೆ. ನನ್ನ ದನಿ ನಿಮಗೆ ಸೊಳ್ಳೆಯಷ್ಟೂ ಕೇಳಲಿಲ್ಲ."

"ನನ್ನದು ತಪ್ಪಾಯಿತು ಕೆಂಚಪ್ಪ. ಬಾ, ಹೋಗೋಣ."

"ಕಾಲು ಏಳುವುದಿಲ್ಲ. ನಾನು ಈ ಮನೆಯ ಸಾಮಾನು. ಮನೆಯವರು ಬಿಟ್ಟರೆ ಬಿಡುಗಡೆ."

ಚಾವಲೆ ನಡುವಿನ ಅಂತಸ್ತಿಗೆ ಹತ್ತಿದಳು. ಅಲ್ಲಿ ದುಂಡುಮೇಜಿನ ಹಿಂದೆ ಆ ಪಿಂಗಾಣಿ ದೊರೆಸಾನಿ ಕುಳಿತಿದ್ದಳು. ಸೊಂಟ ಮುಷ್ಟಿಯಷ್ಟು, ಲಂಗ ಗೋಪುರದಷ್ಟು. ಅವಳ ಮುಂದೆ ಬಟ್ಟಲು, ಬಟ್ಟಲಲ್ಲಿ ಹೊಗೆಯಾಡುವ ಕೆಂಪು ಕಷಾಯ, ಪಕ್ಕದಲ್ಲಿ ಹಾಲಿನ ಗಿಂಡಿ.

"ಕುಡಿಯದೆ ಮುಂದೆ ಹೋಗುವಂತಿಲ್ಲ," ಎಂದಳು ದೊರೆಸಾನಿ. ದನಿ ಬಟ್ಟಲಿಗೆ ಚಮಚ ತಾಗಿದಂತಿತ್ತು.

ಕಿಟಕಿಯ ಬಳಿಯಿಂದ ನಂಜಯ್ಯ, "ತಾಯೀ, ಆ ಬಟ್ಟಲಿನ ಅಂಚಿಗೆ ತುಟಿ ತಾಗಿದರೆ ಪಿಂಗಾಣಿಯಾಗುತ್ತೀರಂತೆ. ಅವಳೇ ಹೇಳಿಕೊಂಡು ನಗುತ್ತಿದ್ದಳು," ಎಂದ.

ಕುಡಿಯದಿದ್ದರೆ ದಾರಿಯಿಲ್ಲ, ಕುಡಿದರೆ ಪ್ರಾಣವಿಲ್ಲ. ಚಾವಲೆ ಬಟ್ಟಲನ್ನು ಕೈಗೆತ್ತಿಕೊಂಡಳು. ಕತ್ತು ಹಿಂದಕ್ಕೆ ಬಾಗಿಸಿ, ಬಟ್ಟಲನ್ನು ಒಂದು ಗೇಣು ಮೇಲೆ ಹಿಡಿದು, ಕಷಾಯವನ್ನು ನೀಳವಾಗಿ ಬಾಯಿಗೆ ಸುರಿದುಕೊಂಡಳು. ಒಂದು ಹನಿ ಗಲ್ಲಕ್ಕೂ ತಾಗಲಿಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟಳು.

ದೊರೆಸಾನಿ ಬೆರಗಾಗಿ ನೋಡುತ್ತಿದ್ದಳು. "ಇದೆಂಥ ಕುಡಿಯುವ ರೀತಿ?"

"ನಮ್ಮಲ್ಲಿ ಎಲ್ಲರೂ ಎತ್ತಿಯೇ ಕುಡಿಯುವುದು. ಕಚ್ಚಿ ಕುಡಿದರೆ ಎಂಜಲು ಎಂದು ಹಿರಿಯರು ಬೈಯುತ್ತಾರೆ."

"ನೋಡಲು ಭಯವಾಗುತ್ತದೆ," ಎಂದಳು ದೊರೆಸಾನಿ. ಆದರೂ ತನ್ನ ಬಟ್ಟಲನ್ನು ಕದ್ದು ಕದ್ದು ಒಂದಿಷ್ಟು ಮೇಲೆತ್ತಿ ನೋಡಿಕೊಂಡಳು. ದಾರಿ ತೆರೆಯಿತು. ನಂಜಯ್ಯನ ಕಾಲೂ ಏಳಲಿಲ್ಲ. ಮನೆಯವರು ಬಿಟ್ಟರೆ ಬಿಡುಗಡೆ ಎಂದು ಅವನೂ ಅಂದ.

ಕೊನೆಯ ಅಂತಸ್ತಿನ ಮೆಟ್ಟಿಲ ಬುಡದಲ್ಲೇ ಚಾವಲೆಗೆ ಬೈಗುಳ ಕೇಳಿಸಿತು.

"ಇಲ್ಲಿಗೂ ಹತ್ತಿ ಬರುತ್ತಿದ್ದಾಳೆ. ಬೇಡ ಎಂದರೆ ಕೇಳುವ ಮಗುವೇ ಅದು? ಬೇಡ ಅಂದದ್ದನ್ನೇ ಮೊದಲು ಮಾಡುತ್ತದೆ. ಬರಬೇಡವೇ ಅಮ್ಮಣ್ಣಿ, ಹಿಂದಕ್ಕೆ ಹೋಗು."

ಚಾವಲೆ ಓಡಿಹೋಗಿ ಚೌಡವ್ವನನ್ನು ತಬ್ಬಿಕೊಂಡಳು. ಚೌಡವ್ವನ ಮೈ ಮರದಂತೆ ಬಿಗಿದಿತ್ತು, ತೋರುಬೆರಳು ಎತ್ತಿದಂತೆಯೇ ಇತ್ತು.

"ತಬ್ಬಿಕೊಂಡದ್ದು ಸಾಕು. ಆ ಕುರ್ಚಿ ನೋಡು," ಎಂದಳು ಚೌಡವ್ವ.

ಕೋಣೆಯ ನಡುವೆ ಕೆಂಪು ಮಕಮಲ್ಲಿನ ಕುರ್ಚಿ ಖಾಲಿಯಾಗಿತ್ತು. ಅಷ್ಟರಲ್ಲಿ ಕೋಣೆ ಮಬ್ಬಾಯಿತು. ಹೊರಗಿನಿಂದ ಕಿರುಗಣ್ಣನ ಮುಖ ಅಂತಸ್ತಿನಷ್ಟು ದೊಡ್ಡದಾಗಿ ಬಗ್ಗಿತು.

"ಅಡುಗೆಗೊಬ್ಬ, ಹಾಡಿಗೊಬ್ಬ, ಹಿರಿಯರೊಬ್ಬರು, ಒಡತಿಯೊಬ್ಬಳು," ಎಂದ ಅವನು. "ಇಷ್ಟಾದರೆ ಒಂದು ಮನೆ ತುಂಬುತ್ತದೆ. ತುಂಬಿದ ಮನೆಯನ್ನು ನಾನು ಒಯ್ಯುತ್ತೇನೆ. ಕೂರಿ ಅಮ್ಮಣ್ಣಿಯವರೇ."

"ಕೂರುವುದಿಲ್ಲ."

"ನಿಂತೇ ಇರಿ. ನಿಂತ ಗೊಂಬೆಯೂ ಚೆನ್ನಾಗಿಯೇ ಕಾಣುತ್ತದೆ."

ಅವನು ಮುಂದಿನ ಗೋಡೆಯನ್ನು ಮುಚ್ಚಿದ. ಚಿಲಕ ಬಿದ್ದ ಸದ್ದು ಗುಡುಗಿನಂತೆ ಕೇಳಿಸಿತು. ಗಾಜಿನ ಕಿಟಕಿಯಿಂದ ಮಾತ್ರ ಬೆಳಕು ಬರುತ್ತಿತ್ತು. ಚಾವಲೆ ಒಂದು ಹೆಜ್ಜೆ ಇಟ್ಟಳು. ಅಂಗಾಲು ಮರಗಟ್ಟಿ ಭಾರವಾಗಿತ್ತು.

"ಶುರುವಾಯಿತು," ಎಂದಳು ಚೌಡವ್ವ. "ಮೊದಲು ಅಂಗಾಲು, ಆಮೇಲೆ ಮೊಣಕಾಲು. ನನಗೂ ಹಾಗೇ ಆಯಿತು."

ಬೇರೆಯವರಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದರು. ಚಾವಲೆಯ ಕಣ್ಣು ಮಾತ್ರ ಗೋಡೆಯ ಮೇಲಿತ್ತು. ಗೋಡೆಯ ಬುಡದಲ್ಲಿ ಅಮೃತಶಿಲೆಯ ಚೌಕಟ್ಟು, ಚೌಕಟ್ಟಿನೊಳಗೆ ಒಂದು ಗೂಡು. ಹೊರಗಿನಿಂದ ನೋಡುವಾಗ ಅದು ಪರದೆಯ ಮರೆಯಲ್ಲಿ ಉಳಿದುಹೋಗಿತ್ತು.

"ಇದೇನು ಚೌಡವ್ವ?"

"ಸಾಯುವ ಹೊತ್ತಿನಲ್ಲೂ ಇದೇನು ಅದೇನು. ದೇವರ ಗೂಡಿರಬೇಕು."

"ದೇವರನ್ನು ಕಾಲಿನ ಮಟ್ಟಕ್ಕೆ ಯಾರು ಇಡುತ್ತಾರೆ?"

ಚಾವಲೆ ಕಾಲೆಳೆದುಕೊಂಡು ಹೋಗಿ ಗೂಡಿನೊಳಗೆ ತಲೆ ತೂರಿಸಿ, ರೂಢಿಯಂತೆ ತಲೆಕೆಳಗಾಗಿ ಮೇಲೆ ನೋಡಿದಳು. ಮೇಲೆ ಉದ್ದನೆಯ ಕೊಳವೆ, ಕೊಳವೆಯ ತುದಿಯಲ್ಲಿ ಚೌಕನೆಯ ಬೆಳಕು. ಗೋಡೆಯೊಳಗೆ ಆಕಾಶಕ್ಕೊಂದು ದಾರಿ. ಆ ದಾರಿಯಲ್ಲಿ ಮನುಷ್ಯರು ಹೋಗಲಾರರು, ಹಕ್ಕಿಯೂ ಹೋಗದು. ಹೋಗುವುದು ಹೊಗೆ ಒಂದೇ.

"ಇದು ಒಲೆ," ಎಂದಳು.

"ಕೂರುವ ಕೋಣೆಯಲ್ಲಿ ಒಲೆಯೇ? ಎಂಥ ಜನ."

"ಒಲೆಯೇ. ಆದರೆ ಒಂದು ಚೂರೂ ಮಸಿ ಇಲ್ಲ. ಈ ಮನೆಯಲ್ಲಿ ಯಾರೂ ಒಮ್ಮೆಯೂ ಬೆಂಕಿ ಹಚ್ಚಿಲ್ಲ."

ಚೌಡವ್ವ ಉಸಿರೆಳೆದುಕೊಂಡಳು. ಅವಳ ದನಿ ಬದಲಾಯಿತು. "ಹಾಗಾದರೆ ಹಾಲೂ ಉಕ್ಕಿಸಿಲ್ಲ," ಎಂದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೊಸ ಮನೆಗೆ ಮೊದಲು ಕಾಲಿಟ್ಟವರು ಒಲೆ ಹಚ್ಚಿ ಹಾಲು ಉಕ್ಕಿಸಬೇಕು. ಉಕ್ಕಿಸುವ ತನಕ ಅದು ಮರ, ಕಲ್ಲು, ಹೆಂಚು. ಉಕ್ಕಿಸಿದ ಮೇಲೆ ಅದು ಮನೆ, ಉಕ್ಕಿಸಿದವರದು. ಪವಳದುರ್ಗದಲ್ಲಿ ದನದ ಕೊಟ್ಟಿಗೆ ಕಟ್ಟಿದವರೂ ಇದನ್ನು ಮರೆಯುತ್ತಿರಲಿಲ್ಲ. ಕಿರುಗಣ್ಣನಿಗೆ ಎಷ್ಟು ಮಂತ್ರ ಗೊತ್ತಿದ್ದರೂ ಇದು ಗೊತ್ತಿರಲಿಲ್ಲ. ಅವನು ಮನೆಗಳನ್ನು ಇಟ್ಟುಕೊಂಡವನೇ ಹೊರತು ಬಾಳಿದವನಲ್ಲ.

"ಓಡು," ಎಂದಳು ಚೌಡವ್ವ.

ಚಾವಲೆ ಓಡಲಾರಳು. ಹಿಮ್ಮಡಿಯಿಂದ ಮೊಣಕಾಲಿಗೆ ಭಾರ ಏರುತ್ತಿತ್ತು. ಕೈಪಿಡಿ ಹಿಡಿದು ಜಾರುತ್ತಾ ನಡುವಿನ ಅಂತಸ್ತಿಗೆ ಇಳಿದಳು.

"ಅಮ್ಮಾ, ನಿಮ್ಮ ಗಿಂಡಿಯ ಹಾಲು ಬೇಕಿತ್ತು."

"ಕಷಾಯಕ್ಕೋ?" ಎಂದಳು ದೊರೆಸಾನಿ.

"ಅಲ್ಲ. ಒಲೆಯ ಮೇಲೆ ಚೆಲ್ಲಲು."

"ಚೆಲ್ಲಲು," ಎಂದು ದೊರೆಸಾನಿ ನಿಧಾನವಾಗಿ ಅಂದಳು. "ನಾನು ಇಲ್ಲಿ ಕೂತಾಗಿನಿಂದ ಈ ಮನೆಯಲ್ಲಿ ಒಂದು ಹನಿಯೂ ಚೆಲ್ಲಿಲ್ಲ. ಚೆಲ್ಲಿದರೆ ಹೇಗಿರುತ್ತದೆ, ನನಗೂ ಹೇಳಬೇಕು." ಗಿಂಡಿಯನ್ನು ಅವಳೇ ಮುಂದೆ ಸರಿಸಿದಳು.

ಚಾವಲೆ ಕೆಳಗೆ ಅಡುಗೆಮನೆಗೆ ಇಳಿದಳು. "ಕೆಂಚಪ್ಪ, ತಪ್ಪಲೆ ಕೊಡು, ಚಕಮಕಿ ಕೊಡು."

"ತಪ್ಪಲೆ ಕಂಕುಳಲ್ಲಿದೆ, ಎಳೆದುಕೊಳ್ಳಿ. ಚಕಮಕಿ ಸೊಂಟದ ಚೀಲದಲ್ಲಿದೆ. ಅಮ್ಮಣ್ಣಿಯವರೇ, ತಪ್ಪಲೆಯ ಅಡಿ ತೆಳ್ಳಗೆ. ಸಣ್ಣ ಉರಿ ಇಡಿ, ಹಾಲು ತಳ ಹಿಡಿದರೆ ವಾಸನೆ ಬರುತ್ತದೆ."

ಮತ್ತೆ ಮೂರನೆಯ ಅಂತಸ್ತಿಗೆ ಹತ್ತುವಷ್ಟರಲ್ಲಿ ಮೊಣಕಾಲು ಮಡಚದಾಗಿತ್ತು. ಕೊನೆಯ ಮೆಟ್ಟಿಲುಗಳನ್ನು ಅವಳು ಗಿಂಡಿಯನ್ನು ಎದೆಗವಚಿಕೊಂಡು ಕೂತುಕೊಂಡೇ ಹಿಂದುಹಿಂದಕ್ಕೆ ಹತ್ತಿದಳು.

"ಸೌದೆ?" ಎಂದಳು ಚೌಡವ್ವ.

ಚಾವಲೆ ಸುತ್ತ ನೋಡಿದಳು. ಆಮೇಲೆ ಕೆಂಪು ಮಕಮಲ್ಲಿನ ಕುರ್ಚಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು. ಅವಳ ಜನ್ಮದಲ್ಲಿ ಅಷ್ಟು ಚೆಂದದ ಕುಸುರಿಯ ವಸ್ತುವನ್ನು ಅವಳು ಮುರಿದದ್ದು ಅದೇ ಮೊದಲು. ಕುರ್ಚಿಯ ಕಾಲುಗಳು ಸೌದೆಯಾದವು, ಮಕಮಲ್ಲಿನೊಳಗಿನ ನಾರು ಬತ್ತಿಯಾಯಿತು. ಚಕಮಕಿಯ ಕಿಡಿ ಹತ್ತಿತು. ತಪ್ಪಲೆ ಇಟ್ಟು ಹಾಲು ಸುರಿದಳು.

"ಮೂಡಲ ಕಡೆಗೆ ಉಕ್ಕಬೇಕು," ಎಂದಳು ಚೌಡವ್ವ.

"ಈಗ ಅದೆಲ್ಲ ನೋಡುತ್ತಾರೇನು?"

"ಮಾಡುವುದಾದರೆ ಸರಿಯಾಗಿ ಮಾಡು. ಈ ಮನೆ ನಿಂತಿರುವುದು ನಿನ್ನ ಕೋಣೆಯಲ್ಲೇ ತಾನೇ? ಮೂಡಲು ಯಾವುದು ಗೊತ್ತಿಲ್ಲವೇ?"

ಚಾವಲೆ ತಪ್ಪಲೆಯನ್ನು ಒಂದಿಷ್ಟು ಓರೆ ಮಾಡಿದಳು. ಸೊಂಟದ ತನಕ ಮೈ ಸತ್ತುಹೋಗಿತ್ತು. ಹಾಲು ಸುಮ್ಮನಿತ್ತು. ಕಾದು ಕೂತವರ ಮುಂದೆ ಹಾಲು ಯಾವಾಗ ಬೇಗ ಉಕ್ಕಿದೆ? ಕೈಯೂ ಬಿಗಿಯತೊಡಗಿತು. ಅಂಚಿನಲ್ಲಿ ಒಂದು ಗುಳ್ಳೆ, ಆಮೇಲೆ ನಾಲ್ಕು, ಆಮೇಲೆ ಬಿಳಿಯ ನೊರೆ ಒಮ್ಮೆಲೇ ಏರಿ, ಮೂಡಲ ಅಂಚಿನಿಂದ ಇಳಿದು, ಬೆಂಕಿಗೆ ಬಿದ್ದು ಚೊಂಯ್ ಎಂದಿತು.

ಚೌಡವ್ವನ ಎತ್ತಿದ ಬೆರಳು ಕೆಳಗಿಳಿಯಿತು.

ಕೆಳಗೆ ಕಿನ್ನರಿಯ ತಂತಿ ನುಡಿಯಿತು. ಅಡುಗೆಮನೆಯಲ್ಲಿ ಗಾರೆಯ ಹಣ್ಣು ಹಣ್ಣಾಯಿತು, ಡಬ್ಬಿಯಲ್ಲಿದ್ದ ಬಣ್ಣದ ಮರಳು ಅಕ್ಕಿಯಾಯಿತು, ಬೇಳೆಯಾಯಿತು, ಬೆಲ್ಲವಾಯಿತು. ಚಾವಲೆ ಎದ್ದು ನಿಂತಳು. ಕಾಲು ಮೊದಲಿನಂತೆ ಮಡಚುತ್ತಿತ್ತು.

ಹೊರಗೆ ಕಿರುಗಣ್ಣ ಮಾಡಿನ ಮೇಲೆ ಹೊಗೆ ಏಳುವುದನ್ನು ಕಂಡ. ಚಿಲಕ ಎಳೆದ, ಅದು ಅಲುಗಲಿಲ್ಲ. ಬೇರೆಯವರ ಮನೆಯ ಗೋಡೆಯನ್ನು ತೆರೆಯಲಾಗುತ್ತದೆಯೇ? ಉಳಿದದ್ದು ಮುಂಬಾಗಿಲು ಒಂದೇ. ಅವನು ಸಿಟ್ಟಿನಲ್ಲಿ ಮೆಟ್ಟಿಲಿಗೆ ಕಾಲಿಟ್ಟ. ಬೆರಳುದ್ದವಾದ.

"ಕಾಲು ಒರೆಸಿಕೊಂಡು ಬಾ," ಎಂದಿತು ಕೈಪಿಡಿಯ ಮೇಲಿನ ಹುಲಿ.

ಕಿರುಗಣ್ಣ ಮೆಟ್ಟಿಲು ಹತ್ತಿ ಬಂದು ಚಾವ‍ಲೆಯನ್ನು ದಿಟ್ಟಿಸಿ ನೋಡಿದ. ಅವಳು ಕುಗ್ಗಲಿಲ್ಲ. ಚೌಡವ್ವನನ್ನು ನೋಡಿದ. ಅವಳೂ ಕುಗ್ಗಲಿಲ್ಲ. ಎಲ್ಲರೂ ಒಂದೇ ಅಳತೆಯಾದ ಮೇಲೆ ಆ ಕಣ್ಣು ಬರೀ ಸಣ್ಣ ಕಣ್ಣಾಗಿತ್ತು.

"ನನ್ನ ಮನೆ," ಎಂದ ಅವನು.

"ಹಾಲುಕ್ಕಿಸಿದವಳು ಇವಳು," ಎಂದಳು ಚೌಡವ್ವ. "ನೀನು ಬಂದವನು. ಬಂದವನಂತೆ ಕೂರು."

ಕೆಂಚಪ್ಪ ಸೌಟು ಹಿಡಿದುಕೊಂಡೇ ಮೇಲೆ ಬಂದಿದ್ದ. "ಅಮ್ಮಣ್ಣಿಯವರೇ, ಒಂದು ಮಾತು ಹೇಳಿ. ಇವನನ್ನು ಈ ಒಲೆಗೇ ಹಾಕುತ್ತೇನೆ."

ಚಾವಲೆ ಕಿರುಗಣ್ಣನನ್ನು ನೋಡುತ್ತಿದ್ದಳು. ಅವಳಿಗೆ ಒಂದು ವಿಷಯ ತಿಳಿಯಬೇಕಿತ್ತು. "ಇಂಥ ಮನೆ ಎಷ್ಟೋ ರಾಜ್ಯಗಳಲ್ಲಿ ಕೊಟ್ಟಿರಬೇಕು ನೀನು. ಒಂದರಲ್ಲಾದರೂ ಉಂಡಿದ್ದೀಯಾ?"

"ಗೊಂಬೆಮನೆಯಲ್ಲಿ ಯಾರು ಉಣ್ಣುತ್ತಾರೆ?" ಎಂದ ಅವನು. ಆದರೆ ಅವನ ಕಣ್ಣು ಒಲೆಯ ಮೇಲಿನ ತಪ್ಪಲೆಯ ಕಡೆಗಿತ್ತು.

"ಕೆಂಚಪ್ಪ, ಹಾಲುಕ್ಕಿದ ಮನೆಯಿಂದ ಯಾರೂ ಬರಿಹೊಟ್ಟೆಯಲ್ಲಿ ಹೋಗಬಾರದು. ಅಡುಗೆ ಮಾಡು. ಎಲ್ಲರಿಗೂ."

"ಇವನಿಗೂ ಬಡಿಸಬೇಕೇ?"

"ಇವನಿಗೂ."

ಸಂಜೆಯ ಹೊತ್ತಿಗೆ ನಡುವಿನ ಅಂತಸ್ತಿನಲ್ಲಿ ಎಲ್ಲರೂ ನೆಲದ ಮೇಲೆ ಸಾಲಾಗಿ ಕೂತರು. ದೊರೆಸಾನಿಗೆ ಲಂಗ ಅಡ್ಡ ಬಂದದ್ದರಿಂದ ಅವಳೊಬ್ಬಳಿಗೆ ಮೇಜು. ಅನ್ನ, ಬೇಳೆಯ ತೊವ್ವೆ, ಉಳಿದ ಹಾಲಿಗೆ ಬೆಲ್ಲ ಹಾಕಿದ ಪಾಯಸ. ಕಿರುಗಣ್ಣ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತ. ಉಂಡರೆ ಏನಾಗುತ್ತದೆಂದು ಅವನಿಗೆ ಈಗ ಗೊತ್ತಾಗಿತ್ತು. ಉಂಡ ಮನೆಗೆ ಎರಡು ಬಗೆದವನ ವಿದ್ಯೆ ಅವನ ಕೈಯಲ್ಲಿ ನಿಲ್ಲುವುದಿಲ್ಲ, ಯಾವ ದೇಶದಲ್ಲೂ ನಿಲ್ಲುವುದಿಲ್ಲ. ಅನ್ನದ ಹಬೆ ಅವನ ಮುಖಕ್ಕೆ ಬಡಿಯುತ್ತಿತ್ತು. ನಂಜಯ್ಯ ಒಂದು ಪದ ಹಾಡಿ ಮುಗಿಸುವವರೆಗೂ ಹಾಗೇ ಕೂತಿದ್ದ. ಆಮೇಲೆ ಕಲಸಿ ಒಂದು ತುತ್ತು ಬಾಯಿಗಿಟ್ಟ. ಎರಡನೆಯ ತುತ್ತಿಗೆ ಕಣ್ಣೊರೆಸಿಕೊಂಡ. ಮೂರನೆಯ ಸಲ ಅವನೇ ಪಾಯಸ ಕೇಳಿದ.

"ಉಪ್ಪು ಸರಿಯಿದೆಯೋ?" ಎಂದು ಕೆಂಚಪ್ಪ ಒರಟಾಗಿ ಕೇಳಿದ.

"ಸರಿಯಿದೆ," ಎಂದ ಕಿರುಗಣ್ಣ.

ಹಾಲುಕ್ಕಿಸಿದ ದಿನ ಮನೆಯನ್ನು ಬರಿದು ಮಾಡಬಾರದೆಂದು ಚೌಡವ್ವ ಹಟ ಹಿಡಿದಳು. ಆ ರಾತ್ರಿ ಎಲ್ಲರೂ ಅಲ್ಲೇ ಮಲಗಿದರು. ಬೆಳಗಾದ ಮೇಲೆ ಒಬ್ಬೊಬ್ಬರೇ ಹೊಸ್ತಿಲು ದಾಟಿ ತಮ್ಮ ತಮ್ಮ ಅಳತೆಗೆ ಬಂದರು. ಮಗಳನ್ನು ಕಾಣದೆ ಊರೆಲ್ಲ ಹುಡುಕಿಸಿ ಬಂದಿದ್ದ ದೊರೆ, ಅವಳ ಕೋಣೆಯ ನೆಲದಿಂದ ಅವಳೂ ಬಾಣಸಿಗನೂ ಎದ್ದು ನಿಂತದ್ದನ್ನು ನೋಡಿ ಏನು ಕೇಳಬೇಕೆಂದು ತಿಳಿಯದೆ, "ಇಂದು ಸಾರು ಇದೆಯೇ ಕೆಂಚಪ್ಪ?" ಎಂದು ಕೇಳಿದ.

ಕಿರುಗಣ್ಣ ಕೊನೆಗೆ ಹೊರಬಂದ. ಈಗ ಅವನು ಯಾರನ್ನು ನೋಡಿದರೂ ಅವರ ಬಟ್ಟೆ ಸರಿಯಾಗಿಯೇ ಇರುತ್ತಿತ್ತು. "ನಾನು ಎಲ್ಲಿಗೆ ಹೋಗಲಿ?" ಎಂದ.

"ಉಳಿದ ಮನೆಗಳು ಎಲ್ಲಿವೆಯೋ ಅಲ್ಲಿಗೆ," ಎಂದಳು ಚಾವಲೆ. "ದಾರಿ ತೋರಿಸು. ನಾನೂ ಬರುತ್ತೇನೆ."

ಅವರು ಕಡಲು ದಾಟಿದರು, ಮರಳು ದಾಟಿದರು. ಏಳು ರಾಜ್ಯಗಳ ಗೊಂಬೆಮನೆಗಳಲ್ಲಿ ಹಾಲು ಉಕ್ಕಿತು. ಎಲ್ಲೆಲ್ಲಿಂದಲೋ ಕಾಣೆಯಾಗಿದ್ದ ನೇಕಾರರು, ತೋಟಗಾರರು, ಅಜ್ಜಿಯರು ಹೊಸ್ತಿಲು ದಾಟಿ ತಮ್ಮ ಮನೆಗಳಿಗೆ ನಡೆದರು. ಕಡೆಯ ಮನೆಯನ್ನು ಬಿಡಿಸಿದ ಮೇಲೆ ಕಿರುಗಣ್ಣ ಆ ಊರಲ್ಲೇ ಒಂದು ಸಣ್ಣ ಗುಡಿಸಲು ಕಟ್ಟಿಕೊಂಡ. ಹಾಲು ಉಕ್ಕಿಸುವ ದಿನ ಯಾರನ್ನು ಕರೆಯುವುದೆಂದು ತಿಳಿಯದೆ ಬೀದಿಯವರನ್ನೆಲ್ಲ ಕರೆದ. ಎಲ್ಲರೂ ಬಂದರು.

ಪವಳದುರ್ಗದಲ್ಲಿ ಕಾಲಕಾಲಕ್ಕೆ ಮಳೆ ಬಂತು, ಸಾರಿಗೆ ಉಪ್ಪು ಬಿತ್ತು, ಕೋಟೆಯ ಬಾಗಿಲಲ್ಲಿ ಕಿನ್ನರಿ ನುಡಿಯಿತು. ದೊರೆಸಾನಿ ಎತ್ತಿ ಕುಡಿಯಲು ಕಲಿತಳೆಂದೂ, ಹುಲಿಯನ್ನು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುತ್ತಾರೆಂದೂ ನೋಡಿ ಬಂದವರು ಹೇಳುತ್ತಾರೆ. ಚಾವಲೆ ಈಗಲೂ ಪುಟ್ಟ ವಸ್ತುಗಳನ್ನು ಕೂಡಿಸುತ್ತಾಳೆ. ಆದರೆ ಗೊಂಬೆ ಕೈಗೆ ಬಂದರೆ ಮೊದಲು ಕಿವಿಯ ಹತ್ತಿರ ಹಿಡಿದು, ಒಳಗಿನಿಂದ ಯಾರಾದರೂ ಮಾತಾಡುತ್ತಿದ್ದಾರೆಯೇ ಎಂದು ಕೇಳುತ್ತಾಳೆ.

ಅವಳು ಹಾಗೆ ಕಿವಿಗೊಟ್ಟು ಕೂತಿರುವಾಗ ಹಿಂದಿನಿಂದ ಚೌಡವ್ವ, "ಊಟಕ್ಕೆ ಕರೆದದ್ದು ಆ ಕಿವಿಗೆ ಕೇಳಲಿಲ್ಲವೇ?" ಎನ್ನುತ್ತಾಳೆ. ಚಾವಲೆ ಗೊಂಬೆಯನ್ನು ಕೆಳಗಿಟ್ಟು ಎದ್ದು ಹೋಗುತ್ತಾಳೆ. ಅನ್ನ ಇನ್ನೂ ಬಿಸಿಯಾಗಿರುತ್ತದೆ.